ಕರುಳು ಹೇಳುವ ಮಾತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಮಿಳುನಾಡಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ನಮ್ಮವರ ಮನೆಗಳಲ್ಲಿ ಕನ್ನಡದ ಓದು ಬರಹ ಬಹುಮಟ್ಟಿಗೆ ತಪ್ಪಿಹೋಗಿದ್ದರೂ ಈ ಗಾದೆ ಮಾತ್ರ ಉಳಿದುಕೊಂಡಿದೆ. ಎಲೆಯ ಮುಂದೆ ಕುಳಿತ ಹುಡುಗ ಮೂರನೆಯ ಸಲ ಕೈ ಚಾಚಿದರೆ ಅಜ್ಜಿಯ ಬಾಯಿಂದ ಅದು ತಾನಾಗಿ ಬರುತ್ತದೆ. ಆದರೂ ಹೊಟ್ಟೆಯ ಒಂದು ಕಾಯಿಲೆಯ ಎದುರು ಈ ಗಾದೆಯ ಮೊದಲರ್ಧ ಸೋಲುತ್ತದೆ ಎಂಬುದನ್ನು ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅನುಭವಿಸಿ ತಿಳಿದಿದ್ದೇನೆ. ಅಳತೆಯರಿತು ಉಂಡವರಿಗೂ, ಹೊತ್ತಿಗೆ ಸರಿಯಾಗಿ ಉಂಡವರಿಗೂ, ಬರೀ ಗಂಜಿ ಕುಡಿದವರಿಗೂ ಈ ನೋವು ಬರುತ್ತದೆ. ಇನ್ನು ಗಾದೆಯ ಉಳಿದರ್ಧದಲ್ಲಿರುವ ‘ಮಾತು’ ಇದೆಯಲ್ಲ, ಅದೇ ಈ ಕಾಯಿಲೆಗೆ ಮುಖ್ಯವಾದ ಪರೀಕ್ಷೆ. ಸ್ವಲ್ಪಮಟ್ಟಿಗೆ ಮದ್ದು ಕೂಡ. ಅದು ಹೇಗೆಂದು ಹೇಳುವುದೇ ಈ ಬರಹದ ಉದ್ದೇಶ.

ಕಾಯಿಲೆಯ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್. ವೈದ್ಯರು ಚೀಟಿಯಲ್ಲಿ ಐ.ಬಿ.ಎಸ್. ಎಂದು ಮೂರಕ್ಷರ ಬರೆದು ಮುಗಿಸುತ್ತಾರೆ. ಕನ್ನಡದಲ್ಲಿ ‘ಕೆರಳುವ ಕರುಳು’ ಎನ್ನಬಹುದು. ಹೊಟ್ಟೆನೋವು, ಉಬ್ಬರ, ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಇವತ್ತು ಅದು ನಾಳೆ ಇದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೆಯೇ ನಡೆಯುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನ್, ಕರುಳಿನೊಳಗೆ ಕೊಳವೆ ಇಳಿಸಿ ನೋಡುವ ಕೊಲೊನೊಸ್ಕೋಪಿ, ಯಾವುದರಲ್ಲಿಯೂ ಏನೂ ಕಾಣುವುದಿಲ್ಲ. ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯವರು ದೇಶದ ಹಲವೆಡೆ ಸಮೀಕ್ಷೆ ನಡೆಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಈ ತೊಂದರೆಯಿದೆ. ಐನೂರು ಜನರ ಒಂದು ಹಳ್ಳಿಯಲ್ಲಿ ಇಪ್ಪತ್ತು ಮಂದಿ ಎಂದು ಲೆಕ್ಕ ಹಾಕಿಕೊಳ್ಳಿ. ಇದು ಕೊಲ್ಲುವ ಕಾಯಿಲೆಯಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಆದರೆ ಮದುವೆಮನೆಗೆ ಹೋಗುವುದನ್ನು, ಬಸ್ಸು ಹತ್ತುವುದನ್ನು, ನೆಮ್ಮದಿಯಾಗಿ ಒಂದು ಹೊತ್ತು ಉಣ್ಣುವುದನ್ನು ಇದು ಕಸಿದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಂಬಿಕೆಯನ್ನು ಕಸಿದುಕೊಳ್ಳುತ್ತದೆ. ‘ರಿಪೋರ್ಟಿನಲ್ಲಿ ಏನೂ ಇಲ್ಲವಂತೆ’ ಎಂಬ ಒಂದು ಮಾತು ಮನೆಯೊಳಗೆ ಬಂತೆಂದರೆ, ನೋವುಣ್ಣುವವರು ಆವತ್ತಿನಿಂದ ನಾಟಕದವರಾಗಿಬಿಡುತ್ತಾರೆ.

ನನಗೆ ಇದು ಅಂಟಿಕೊಂಡದ್ದು 2014ರಲ್ಲಿ. ಒಂದು ಗೃಹಪ್ರವೇಶದ ಊಟವಾದ ಮೇಲೆ ನಾಲ್ಕು ದಿನ ವಾಂತಿ, ಭೇದಿ, ಜ್ವರ. ಅದೇ ಊಟ ಉಂಡ ಹಲವರಿಗೆ ಹಾಗೆಯೇ ಆಯಿತು. ಎಲ್ಲರೂ ವಾರದೊಳಗೆ ಚೇತರಿಸಿಕೊಂಡರು. ನನ್ನ ಜ್ವರವೂ ಹೋಯಿತು, ಆದರೆ ಹೊಟ್ಟೆ ಮಾತ್ರ ಮೊದಲಿನ ಹೊಟ್ಟೆಯಾಗಲಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಹತ್ತು ನಿಮಿಷಕ್ಕೆ ಎಡಭಾಗದಲ್ಲಿ ಹಿಂಡಿದಂತಾಗಿ ಓಡಬೇಕು. ಇನ್ನು ಮುಗಿಯಿತೆಂದು ಅಂಗಿ ತೊಟ್ಟು ಹೊರಟರೆ ಮತ್ತೊಮ್ಮೆ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವನು ಬೇಕೆಂದಾಗ ಎದ್ದು ಹೋಗುವ ಹಾಗಿಲ್ಲ. ಹಣ ಎಣಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಎದುರು ನಿಂತ ಗಿರಾಕಿಗೆ ಸಬೂಬು ಹೇಳಿ ಎದ್ದು ಹೋಗುವಷ್ಟರಲ್ಲಿ ಪ್ರಾಣ ಹೋಗಿ ಬಂದಿರುತ್ತದೆ. ಇಂಥ ವಿಷಯವನ್ನು ಸಾಹಿತ್ಯದ ವಾರ್ಷಿಕ ಸಂಚಿಕೆಗೆ ಬರೆಯುವುದೇ ಎಂದು ನನ್ನ ಹೆಂಡತಿ ಕೇಳಿದಳು. ಎಲ್ಲರ ಮನೆಯಲ್ಲೂ ಇರುವುದನ್ನು ಯಾರೂ ಬರೆಯದಿದ್ದರೆ ಹೇಗೆ ಎಂದು ನಾನು ಕೇಳಿದೆ.

ನೋವು ಎಂದರೇನು ಎಂಬುದಕ್ಕೆ ನನಗೆ ಸುಲಭವಾಗಿ ಹೊಳೆಯುವ ಹೋಲಿಕೆ ನಮ್ಮ ಸ್ಟ್ರಾಂಗ್ ರೂಮಿನ ಅಲಾರಂ. ನಾನು ಹಿಂದೆ ಇದ್ದ ಒಂದು ಶಾಖೆಯಲ್ಲಿ ನಡುರಾತ್ರಿ ಅದು ಬಡಿದುಕೊಂಡಿತು. ಮ್ಯಾನೇಜರು ಬಂದರು, ಪೊಲೀಸರು ಬಂದರು, ಬೀದಿಯ ಜನರೆಲ್ಲ ಎದ್ದು ಹೊರಗೆ ನಿಂತರು. ಬಾಗಿಲು ತೆರೆದು ನೋಡಿದರೆ ಒಂದು ಹೆಗ್ಗಣ. ಕಳ್ಳನಿರಲಿಲ್ಲ, ನಿಜ. ಆದರೆ ಕಳ್ಳನಿಲ್ಲವೆಂದ ಮಾತ್ರಕ್ಕೆ ಅಲಾರಂ ಬಡಿದದ್ದು ಸುಳ್ಳಾಗುವುದಿಲ್ಲವಲ್ಲ! ದೋಷವಿದ್ದದ್ದು ತಿಜೋರಿಯಲ್ಲಲ್ಲ, ಅಲಾರಮ್ಮಿನ ಸೂಕ್ಷ್ಮತೆಯಲ್ಲಿ. ಸ್ಕ್ಯಾನು, ಕೊಲೊನೊಸ್ಕೋಪಿಗಳು ಕಳ್ಳನನ್ನು ಹುಡುಕುವ ಯಂತ್ರಗಳು: ಹುಣ್ಣು, ಗೆಡ್ಡೆ, ಬಾವು ಇದೆಯೇ ಎಂದು ನೋಡುತ್ತವೆ. ಅಲಾರಂ ಎಷ್ಟು ಸಣ್ಣ ಅಲುಗಾಟಕ್ಕೆ ಬಡಿದುಕೊಳ್ಳುತ್ತದೆ ಎಂಬುದು ಅವುಗಳಿಗೆ ಕಾಣುವುದಿಲ್ಲ. ಐ.ಬಿ.ಎಸ್. ಎಂಬುದು ಬಹುಮಟ್ಟಿಗೆ ಈ ಅಲಾರಮ್ಮಿನ ಕಾಯಿಲೆ, ಎಂದರೆ ನರಗಳ ಮತ್ತು ಕರುಳಿನ ನಡುವಿನ ವ್ಯವಹಾರದ ಕಾಯಿಲೆ.

ನಮ್ಮ ಕರುಳಿಗೆ ತನ್ನದೇ ಆದ ನರಮಂಡಲವೊಂದಿದೆ. ಅನ್ನನಾಳದಿಂದ ಗುದದ್ವಾರದವರೆಗೆ ಗೋಡೆಯೊಳಗೆ ಎರಡು ಪದರಗಳಲ್ಲಿ ಬಲೆಯಂತೆ ಹಬ್ಬಿರುವ ಇದರಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆಯೆಂದು ಅಂದಾಜು. ಈ ಪದರಗಳನ್ನು ಕಂಡುಹಿಡಿದವರು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿಗಳಾದ ಮೈಸ್ನರ್ ಮತ್ತು ಆವರ್‌ಬಾಖ್. ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದರೂ, ಒಳಗೆ ಸ್ವಲ್ಪ ಒತ್ತಡ ಬಿದ್ದೊಡನೆ ಮೇಲಿನ ಭಾಗ ಸಂಕುಚಿಸಿ ಕೆಳಗಿನ ಭಾಗ ಸಡಿಲವಾಗಿ ಒಳಗಿದ್ದದ್ದು ಮುಂದಕ್ಕೆ ಸಾಗುತ್ತಿತ್ತು. ಮಿದುಳಿನ ಅಪ್ಪಣೆಯೇ ಬೇಕಾಗಿರಲಿಲ್ಲ. ಲ್ಯಾಂಗ್ಲಿ ಎಂಬ ವಿಜ್ಞಾನಿ 1921ರ ತಮ್ಮ ಪುಸ್ತಕದಲ್ಲಿ ಇದನ್ನು ನರಮಂಡಲದ ಒಂದು ಪ್ರತ್ಯೇಕ ವಿಭಾಗವೆಂದೇ ಎಣಿಸಿದರು. ಅಮೆರಿಕದ ಮೈಕೆಲ್ ಗರ್ಶನ್ 1998ರಲ್ಲಿ ಬರೆದ ಪುಸ್ತಕದ ಹೆಸರೇ ‘ಎರಡನೆಯ ಮಿದುಳು’ ಎಂಬರ್ಥದ್ದು.

ಈ ಎರಡನೆಯ ಮಿದುಳು ದಿನದ ಇಪ್ಪತ್ನಾಲ್ಕು ಗಂಟೆಯೂ ಮೇಲಿನ ಮಿದುಳಿಗೆ ವರದಿ ಕಳಿಸುತ್ತಲೇ ಇರುತ್ತದೆ. ಇದಕ್ಕೆ ಎರಡು ದಾರಿಗಳು. ಒಂದು ವೇಗಸ್ ಎಂಬ ಉದ್ದನೆಯ ನರ. ಅದರ ತಂತುಗಳಲ್ಲಿ ಹೆಚ್ಚಿನವು ಮೇಲಿನಿಂದ ಆಜ್ಞೆ ತರುವವಲ್ಲ, ಕೆಳಗಿನಿಂದ ಸುದ್ದಿ ಒಯ್ಯುವವು. ಇನ್ನೊಂದು ದಾರಿ ಬೆನ್ನುಹುರಿಯ ಮೂಲಕ. ನೋವಿನ ಸುದ್ದಿ ಹೋಗುವುದು ಮುಖ್ಯವಾಗಿ ಇದರಲ್ಲಿ. ಬೆನ್ನುಹುರಿಯಲ್ಲಿ ಕರುಳಿನ ನರಗಳು ಸೇರುವ ಜಾಗಕ್ಕೇ ಚರ್ಮ, ಸೊಂಟ, ಬೆನ್ನಿನ ನರಗಳೂ ಬಂದು ಸೇರುತ್ತವೆ. ಆದ್ದರಿಂದಲೇ ಕರುಳಿನ ನೋವನ್ನು ಬೆರಳಿಟ್ಟು ಇಂಥಲ್ಲಿ ಎಂದು ತೋರಿಸಲಾಗುವುದಿಲ್ಲ. ಕೆಲವೊಮ್ಮೆ ಸೊಂಟ ಹಿಡಿದುಕೊಂಡಂತೆ, ಬೆನ್ನು ಸೆಳೆದಂತೆ ತೋರುತ್ತದೆ. ‘ನಿನ್ನೆ ಹೊಟ್ಟೆ ಅಂದೆ, ಇವತ್ತು ಬೆನ್ನು ಅನ್ನುತ್ತೀಯಲ್ಲ’ ಎಂದು ಮನೆಯವರು ಗದರುವುದಕ್ಕೆ ಮೊದಲು ಇದನ್ನು ತಿಳಿದಿರಬೇಕು.

ಈ ವರದಿಗಳಲ್ಲಿ ಬಹುಪಾಲು ನಮ್ಮ ಅರಿವಿಗೆ ಬರುವುದೇ ಇಲ್ಲ. ಉಂಡದ್ದು ಸಣ್ಣಕರುಳಿನ ಯಾವ ತಿರುವಿನಲ್ಲಿದೆ ಎಂದು ಯಾರಿಗಾದರೂ ಗೊತ್ತೇ? 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬಿಬ್ಬರು ಇದಕ್ಕೆ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂಥದ್ದೊಂದು ಇದೆ. ಕೆಳಗಿನಿಂದ ಬರುವ ನೋವಿನ ಸುದ್ದಿ ಅಲ್ಲಿ ತಡೆಯಲ್ಪಡಬಹುದು, ಇಲ್ಲವೇ ದಾಟಬಹುದು. ಮಿದುಳು ಕೂಡ ಮೇಲಿನಿಂದ ಆ ಬಾಗಿಲನ್ನು ಮುಚ್ಚಿಸಬಹುದು, ತೆರೆಸಬಹುದು ಎಂದು. ವಿವರಗಳು ಮುಂದೆ ಬದಲಾದರೂ ಮೂಲ ವಿಚಾರ ಇಂದಿಗೂ ನಿಂತಿದೆ. ಸಂತೆಯ ಗಲಾಟೆಯಲ್ಲಿ ಕಾಲಿಗೆ ಚುಚ್ಚಿದ ಮುಳ್ಳು ಮನೆಗೆ ಬಂದು ಕುಳಿತ ಮೇಲೆ ನೋಯುತ್ತದೆ. ಮುಳ್ಳು ಆಗಲೂ ಇತ್ತು. ಬಾಗಿಲು ಮುಚ್ಚಿತ್ತು, ಅಷ್ಟೆ. ಐ.ಬಿ.ಎಸ್. ಇರುವ ಹಲವರಲ್ಲಿ ಈ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಉಳಿದವರಲ್ಲಿ ಸದ್ದಿಲ್ಲದೆ ಸರಿದುಹೋಗುವ ವಾಯು ಇವರಲ್ಲಿ ನೋವಾಗಿ ಮೇಲೇರುತ್ತದೆ.

ಇದು ಊಹೆಯ ಮಾತಲ್ಲವೆಂದು ತೋರಿಸಿದ ಒಂದು ಹಳೆಯ ಪ್ರಯೋಗವಿದೆ. 1973ರಲ್ಲಿ ರಿಚಿ ಎಂಬ ವೈದ್ಯರು ಐ.ಬಿ.ಎಸ್. ರೋಗಿಗಳ ಮತ್ತು ಇತರರ ದೊಡ್ಡಕರುಳಿನ ಕೆಳಭಾಗದಲ್ಲಿ ಸಣ್ಣ ಬಲೂನೊಂದನ್ನು ಇಟ್ಟು ಗಾಳಿ ತುಂಬಿದರು. ಬಲೂನು 60 ಮಿಲಿಲೀಟರಿನಷ್ಟು ಉಬ್ಬಿದಾಗ ಇತರರಲ್ಲಿ ನೂರಕ್ಕೆ 6 ಮಂದಿ ಮಾತ್ರ ನೋವೆಂದರು. ರೋಗಿಗಳಲ್ಲಿ ನೂರಕ್ಕೆ 55 ಮಂದಿಗೆ ನೋವಾಯಿತು. ಬಲೂನು ಅದೇ, ಗಾಳಿ ಅಷ್ಟೇ; ಬೇರೆಯಾಗಿದ್ದದ್ದು ಅದನ್ನು ಗ್ರಹಿಸಿದ ನರಗಳು. ಉಳಿದ 45 ಮಂದಿಗೆ ಆ ಅಳತೆಯಲ್ಲಿ ನೋವಾಗಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲ ರೋಗಿಗಳ ಕಥೆಯೂ ಒಂದೇ ಅಲ್ಲ. ತೊಂಬತ್ತರ ದಶಕದ ಕೊನೆಯಿಂದ ಇಂಥದೇ ಪ್ರಯೋಗಗಳನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಾಡಿ ನೋಡಿದಾಗ, ನೋವಿಗೂ ಭಯಕ್ಕೂ ಸಂಬಂಧಿಸಿದ ಮಿದುಳಿನ ಭಾಗಗಳು ಈ ರೋಗಿಗಳಲ್ಲಿ ಹೆಚ್ಚು ಚುರುಕಾಗುವುದು ಕಂಡುಬಂತು.

ಹಾಗಾದರೆ ಅಲಾರಂ ಕೆಡುವುದು ಯಾಕೆ? ಕಾರಣ ಒಂದಲ್ಲ. ವಾಂತಿ ಭೇದಿಯ ಸೋಂಕು ತಗುಲಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಮೇಲೆ ಐ.ಬಿ.ಎಸ್. ಕಾಣಿಸಿಕೊಳ್ಳುತ್ತದೆ. ಗೃಹಪ್ರವೇಶದ ಊಟದ ಮೇಲೆ ಆ ಹತ್ತನೆಯವನು ನಾನಾದೆ. ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಒಂದು ಬಗೆಯನ್ನು ತೋರಿಸಿತು. ಸೋಂಕು ತಗುಲಿದ ಹೊತ್ತಿನಲ್ಲಿ ಕರುಳಿನಲ್ಲಿದ್ದ ಆಹಾರವನ್ನೂ ದೇಹದ ರಕ್ಷಣಾಪಡೆ ಶತ್ರುವಿನ ಕಡೆಯವನೆಂದು ಗುರುತು ಹಾಕಿಕೊಂಡುಬಿಡುತ್ತದೆ. ಸೋಂಕು ಹೋದ ಮೇಲೂ ಆ ಆಹಾರ ಬಂದಾಗಲೆಲ್ಲ ಕರುಳಿನ ಗೋಡೆಯಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಪಕ್ಕದ ನರಗಳು ಕೆರಳುತ್ತವೆ. ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡರು. ಹನ್ನೆರಡು ಮಂದಿ ರೋಗಿಗಳ ಕರುಳಿನಲ್ಲಿ ಗೋಧಿ, ಹಾಲು, ಸೋಯಾ ಮೊದಲಾದವುಗಳ ಸಾರವನ್ನು ಚುಚ್ಚಿ ನೋಡಿದಾಗಲೂ ಅಲ್ಲಲ್ಲಿ ಊತ ಬಂತು. ಚರ್ಮದ ಮೇಲೆ ದದ್ದು ಬಂದರೆ ಎಲ್ಲರಿಗೂ ಕಾಣುತ್ತದೆ. ಇದು ಒಳಗಿನ ದದ್ದು, ಯಾರಿಗೆ ಕಾಣಬೇಕು?

ಇನ್ನು ಮನಸ್ಸು. ಈ ಮಾತನ್ನು ಎಚ್ಚರಿಕೆಯಿಂದ ಆಡಬೇಕು. ಮಿದುಳು ಮೇಲಿನಿಂದ ಬಾಗಿಲು ತೆರೆಸಬಲ್ಲದು ಎಂದೆನಲ್ಲ. ಭಯ, ಆತಂಕ, ‘ಈಗ ಬರುತ್ತದೆ, ಈಗ ಬರುತ್ತದೆ’ ಎಂಬ ಕಾಯುವಿಕೆ, ಇವೇ ಆ ತೆರೆಸುವ ಕೈಗಳು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಬಾಗಿಲಿನಿಂದ ಬೀದಿಯವರೆಗೆ ನಿಂತ ಜನರ ಎದುರು ಬೆಳಗಿನಿಂದ ರಾತ್ರಿಯವರೆಗೆ ಕುಳಿತಿದ್ದ ವಾರಗಳಲ್ಲಿ ನನ್ನ ಹೊಟ್ಟೆ ಪಟ್ಟ ಪಾಡು ನನಗೇ ಗೊತ್ತು. ಆಗ ನಾನು ತಿನ್ನುತ್ತಿದ್ದದ್ದು ಮಜ್ಜಿಗೆ ಅನ್ನ ಮಾತ್ರ. ಕನ್ನಡಕ್ಕೆ ಈ ನಂಟು ಹಿಂದಿನಿಂದಲೂ ಗೊತ್ತು. ಮಕ್ಕಳನ್ನು ಕರುಳಿನ ಕುಡಿ ಎನ್ನುತ್ತೇವೆ. ಇನ್ನೊಬ್ಬರ ದುಃಖಕ್ಕೆ ಕರುಳು ಚುರ್ ಎನ್ನುತ್ತದೆ. ಅಸೂಯೆಯನ್ನು ಹೊಟ್ಟೆಕಿಚ್ಚು ಎನ್ನುತ್ತೇವೆ. ಆದರೆ ಮನಸ್ಸು ನೋವನ್ನು ಹೆಚ್ಚಿಸುತ್ತದೆ ಎನ್ನುವುದಕ್ಕೂ ನೋವು ಮನಸ್ಸಿನ ಸೃಷ್ಟಿ ಎನ್ನುವುದಕ್ಕೂ ಬಹಳ ದೂರ. ಗಾಳಿ ಬೀಸಿದರೆ ಬೆಂಕಿ ಹೆಚ್ಚುತ್ತದೆ. ಹಾಗೆಂದು ಗಾಳಿಯೇ ಬೆಂಕಿಯಲ್ಲ.

ಈ ದೂರವನ್ನು ಯಾರೂ ಅಳೆಯದೆ ಹೋದುದರ ಫಲವನ್ನು ಉಂಡವಳು ನನ್ನ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ತಳಿಯ ಕಡೆಯ ಹಳ್ಳಿಯೊಂದಕ್ಕೆ ಅವಳನ್ನು ಕೊಟ್ಟಾಗ ಅದು ಧರ್ಮಪುರಿ ಜಿಲ್ಲೆ. 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಆ ಭಾಗದಲ್ಲಿ ಮನೆಮಾತು ಕನ್ನಡ, ಸಂತೆಗೆ ತಮಿಳು ತೆಲುಗು ಎರಡೂ ಬೇಕು. ಅಕ್ಕನಿಗೆ ಸಂತೆಯ ತಮಿಳು ಬರುತ್ತದೆ, ಆಸ್ಪತ್ರೆಯ ತಮಿಳು ಬಾರದು. ಮದುವೆಯಾದ ಕೆಲವೇ ವರ್ಷಗಳಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ‘ಕಳೆ ಕೀಳೋ ಹೊತ್ತಿಗೇ ಇವಳಿಗೆ ಹೊಟ್ಟೆ ನೋಯ್ತದೆ’ ಎಂದು ಮನೆಯವರು ಆಡಿಕೊಂಡರು. ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ಬಸ್ಸಿನಲ್ಲಿ ಹೋಗಬೇಕಾದ ದಿನ ಅವಳು ಹಿಂದಿನ ರಾತ್ರಿಯಿಂದಲೇ ಏನೂ ತಿನ್ನುತ್ತಿರಲಿಲ್ಲ. ಕ್ರಮೇಣ ಬಸ್ಸು ಹತ್ತುವುದನ್ನೇ ಬಿಟ್ಟಳು. ಕಡೆಗೆ ಒಂದು ಕಡೆ ತೋರಿಸಿದಾಗ, ಜೊತೆಗೆ ಹೋಗಿದ್ದ ನೆರೆಮನೆಯವರು ಅವಳ ಪರವಾಗಿ ತಮಿಳಿನಲ್ಲಿ ‘ಅಡಿವಯಿರು ವಲಿ’ ಎಂದು ಎರಡು ಪದ ಹೇಳಿದರು. ಕೆಳಹೊಟ್ಟೆಯ ನೋವು ಎಂದು ಅರ್ಥ, ತಪ್ಪೇನಲ್ಲ. ಆದರೆ ಅಷ್ಟೇ ಸಾಕಾಯಿತು. ಮೂವತ್ತೆಂಟನೆಯ ವಯಸ್ಸಿಗೆ ಅವಳ ಗರ್ಭಕೋಶ ತೆಗೆದರು. ಗಾಯ ಮಾಗಿದ ಮೇಲೆ ನೋವು ಮೊದಲಿನ ಜಾಗದಲ್ಲಿಯೇ, ಮೊದಲಿನ ಹೊತ್ತಿಗೇ ಬಂತು. ಐ.ಬಿ.ಎಸ್. ರೋಗಿಗಳಲ್ಲಿ ಅಪೆಂಡಿಕ್ಸ್, ಪಿತ್ತಕೋಶ, ಗರ್ಭಕೋಶಗಳ ಶಸ್ತ್ರಚಿಕಿತ್ಸೆ ಇತರರಿಗಿಂತ ಹೆಚ್ಚಾಗಿ ನಡೆಯುತ್ತದೆ ಎಂದು ಹಲವು ದೇಶಗಳ ವೈದ್ಯರು ಬರೆದಿದ್ದಾರೆ. ಅದನ್ನು ನಾನು ಓದಿದ್ದು ಬಹಳ ತಡವಾಗಿ.

ಬಸಿರು ಎಂಬ ನಮ್ಮ ಪದವೂ ತಮಿಳಿನ ವಯಿರು, ಮಲಯಾಳದ ವಯರು ಎಂಬ ಪದಗಳೂ ಒಂದೇ ಬೇರಿನವು. ಅವರಲ್ಲಿ ಅದು ಹೊಟ್ಟೆಯೆಂದೇ ಉಳಿಯಿತು. ನಮ್ಮಲ್ಲಿ ಹಳಗನ್ನಡದ ಹೊಟ್ಟೆ ಹೊಸಗನ್ನಡಕ್ಕೆ ಬರುವಾಗ ಗರ್ಭವಾಯಿತು. ಪದಗಳು ಅಕ್ಕತಂಗಿಯರಾದರೂ ಸಂಸಾರ ಬೇರೆಯಾದ ಮೇಲೆ ಅರ್ಥ ಬೇರೆ. ಗಡಿಯ ಜನ ಎರಡು ಭಾಷೆ ಬಲ್ಲೆವೆಂದು ಹೆಮ್ಮೆಪಡುತ್ತೇವೆ. ಆ ಎರಡರ ನಡುವೆ ಏನೇನು ಉದುರಿಹೋಗುತ್ತದೆ ಎಂಬುದನ್ನು ಗಮನಿಸುವುದಿಲ್ಲ.

ಆಮೇಲೆ ಕೆಲವು ವರ್ಷಗಳಿಗೆ ಅಕ್ಕನನ್ನು ಸೇಲಮ್ಮಿಗೆ ಕರೆತಂದು ಇಲ್ಲಿಯ ವೈದ್ಯರೊಬ್ಬರಿಗೆ ತೋರಿಸಿದೆ. ತೊಪ್ಪೂರಿನ ಘಾಟಿ ಇಳಿದು ಬರುವಷ್ಟರಲ್ಲಿ ಅವಳ ಮುಖ ಬಿಳುಪೇರಿತ್ತು. ವೈದ್ಯರು ತಮಿಳರು, ವಯಸ್ಸಾದವರು. ಅವರು ಹಳೆಯ ರಿಪೋರ್ಟುಗಳನ್ನು ಪಕ್ಕಕ್ಕೆ ಸರಿಸಿ, ‘ಉಂಗ ಭಾಷೆಯಿಲೇಯೇ ಸೊಲ್ಲುಂಗಮ್ಮಾ’ ಎಂದರು. ನಿಮ್ಮ ಭಾಷೆಯಲ್ಲಿಯೇ ಹೇಳಿ ತಾಯಿ ಎಂದು. ನನ್ನ ಕಡೆ ತಿರುಗಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳು, ಚಿಕ್ಕದು ಮಾಡಬೇಡ ಎಂದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳತೊಡಗಿದಳು: ‘ಬೆಳಿಗ್ಗೆ ಎದ್ದ ತಕ್ಷಣ ಹಗ್ಗ ಹೊಸೆದಂಗೆ ನುಲೀತದೆ ಸ್ವಾಮಿ. ಹೊರಕಡೆಗೆ ಹೋಗಿ ಬಂದ್ರೆ ಸಡಿಲ ಆಗ್ತದೆ. ವಾರದಾಗೆ ಮೂರು ನಾಕು ದಿನ ಹಿಂಗೇ. ಕೆಲವು ದಿನ ಆಡಿನ ಹಿಕ್ಕೆ ಇದ್ದಂಗೆ, ಕೆಲವು ದಿನ ಬರೀ ನೀರು. ಉಂಡ ಮೇಲೆ ಹೊಟ್ಟೆ ಉಬ್ಬರಿಸಿ ಕಲ್ಲಾಗ್ತದೆ. ರಾತ್ರಿ ನಿದ್ದೆ ಬಂದ್ಮೇಲೆ ಏನೂ ಇರಾಕಿಲ್ಲ.’

ಅವಳು ಹೇಳಿದ ಒಂದೊಂದು ಮಾತಿನ ಬೆಲೆ ನನಗೆ ಗೊತ್ತಾದದ್ದು ಆಮೇಲೆ. ಈ ಕಾಯಿಲೆಯನ್ನು ಗುರುತಿಸಲು ವೈದ್ಯರು ಬಳಸುವ ನಿಯಮಗಳಿಗೆ ರೋಮ್ ನಿಯಮಗಳೆಂದು ಹೆಸರು. ಅದರ ನಾಲ್ಕನೆಯ ಆವೃತ್ತಿ ಬಂದದ್ದು 2016ರಲ್ಲಿ. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವಿರಬೇಕು. ಅದರ ಜೊತೆಗೆ, ನೋವಿಗೂ ಮಲವಿಸರ್ಜನೆಗೂ ಸಂಬಂಧವಿರುವುದು, ಎಷ್ಟು ಸಲ ಹೋಗುತ್ತಾರೆಂಬುದು ಬದಲಾಗುವುದು, ಮಲದ ರೂಪ ಬದಲಾಗುವುದು, ಈ ಮೂರರಲ್ಲಿ ಎರಡಾದರೂ ಇರಬೇಕು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಇದರಲ್ಲಿ ಯಂತ್ರ ಹೇಳುವುದು ಯಾವುದಿದೆ? ಎಲ್ಲವೂ ರೋಗಿಯ ಬಾಯಿಂದಲೇ ಬರಬೇಕು. ಇಂಗ್ಲೆಂಡಿನ ಬ್ರಿಸ್ಟಲ್ಲಿನವರು ಮಲದ ರೂಪವನ್ನು ಏಳು ಚಿತ್ರಗಳ ಪಟ್ಟಿ ಮಾಡಿ 1997ರಲ್ಲಿ ಪ್ರಕಟಿಸಿದ್ದಾರೆ. ಆ ಪಟ್ಟಿಯ ಮೊದಲನೆಯ ಚಿತ್ರಕ್ಕೆ ನಮ್ಮಕ್ಕನ ‘ಆಡಿನ ಹಿಕ್ಕೆ’ಗಿಂತ ಒಳ್ಳೆಯ ಹೆಸರಿಲ್ಲ. ಅವಳು ನಾಲ್ಕು ನಿಮಿಷದಲ್ಲಿ ಹೇಳಿದ್ದನ್ನು ಹದಿನೈದು ವರ್ಷ ಯಾರೂ ಕೇಳಿರಲಿಲ್ಲ.

ವೈದ್ಯರು ಇನ್ನೂ ಹತ್ತು ಪ್ರಶ್ನೆ ಕೇಳಿದರು, ಕೆಲವು ಪರೀಕ್ಷೆಗಳನ್ನೂ ಮಾಡಿಸಿದರು. ನೋವು ನಿಜವಾದದ್ದು, ಕರುಳಿನ ನರಗಳದ್ದು ಎಂದು ಬಿಡಿಸಿ ಹೇಳಿದರು. ಹಿಂತಿರುಗುವಾಗ ಬಸ್ ನಿಲ್ದಾಣದಲ್ಲಿ ಅಕ್ಕ ಕೇಳಿದಳು: ‘ಲೋ, ನಾನು ಸುಳ್ಳು ಹೇಳ್ತಿರಲಿಲ್ಲ ಅಂತ ಈ ಚೀಟೀಲಿ ಬರ್ದವ್ರಾ?’ ಚೀಟಿಯಲ್ಲಿದ್ದದ್ದು ಮೂರು ಇಂಗ್ಲಿಷ್ ಅಕ್ಷರ, ಎರಡು ಮಾತ್ರೆಯ ಹೆಸರು. ‘ಬರ್ದವ್ರೆ ಅಕ್ಕಾ’ ಎಂದೆ. ಆ ಮೂರಕ್ಷರದ ಅರ್ಥ ಅದೇ ಅಲ್ಲವೇ?

ಮಾತ್ರೆಗಳಲ್ಲಿ ಒಂದು ರಾತ್ರಿ ಮಲಗುವಾಗ ನುಂಗುವ 10 ಮಿಲಿಗ್ರಾಮಿನ ಅಮಿಟ್ರಿಪ್ಟಿಲಿನ್. ಊರಿನಲ್ಲಿ ಯಾರೋ ಅದು ಹುಚ್ಚಿನ ಮಾತ್ರೆ ಎಂದು ಹೇಳಿದ್ದರಿಂದ ಅಕ್ಕನ ಮನೆಯವರು ಒಂದು ತಿಂಗಳು ನಿಲ್ಲಿಸಿಬಿಟ್ಟರು. ಖಿನ್ನತೆಗೆ ಇದನ್ನು ಕೊಡುವುದು ನಿಜ, ಆದರೆ ಅಲ್ಲಿನ ಪ್ರಮಾಣ ಇದರ ಎಷ್ಟೋ ಪಟ್ಟು. ಕಡಿಮೆ ಪ್ರಮಾಣದಲ್ಲಿ ಇದು ನೋವಿನ ನರಗಳನ್ನು ತಣಿಸುತ್ತದೆ, ಅಲಾರಮ್ಮಿನ ಸೂಕ್ಷ್ಮತೆಯನ್ನು ತಗ್ಗಿಸುತ್ತದೆ. ಇಂಗ್ಲೆಂಡಿನಲ್ಲಿ 463 ರೋಗಿಗಳ ಮೇಲೆ ಆರು ತಿಂಗಳು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಸೋಗಿನ ಮಾತ್ರೆಗಿಂತ ಇದರಿಂದ ಹೆಚ್ಚು ಗುಣ ಕಂಡಿತು. ಬಾಯಿ ಒಣಗುವುದು, ತೂಕಡಿಕೆ ಇದ್ದೇ ಇದೆ. ವೈದ್ಯರನ್ನು ಕೇಳದೆ ಯಾರೂ ಇದನ್ನು ಅಂಗಡಿಯಿಂದ ತಂದು ನುಂಗಬಾರದು.

ಊಟದ ವಿಷಯದಲ್ಲಿ ಗಾದೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕರುಳಿನಲ್ಲಿ ಹುದುಗಿ ವಾಯು ಮಾಡುವ ಕೆಲವು ಸಕ್ಕರೆಗಳಿವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹಾಲು, ಹೆಚ್ಚು ತಿಂದ ಮಾವಿನಹಣ್ಣು ಇವುಗಳಲ್ಲಿ ಅವು ಹೇರಳ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇವುಗಳನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಸೇರಿಸಿ ನೋಡುವ ಕ್ರಮವನ್ನು ರೂಪಿಸಿದ್ದಾರೆ. ಮಾವಿಗೆ ಹೆಸರಾದ ಸೇಲಂ ಕೃಷ್ಣಗಿರಿಗಳಲ್ಲಿ ಇದ್ದುಕೊಂಡು ಮೇ ತಿಂಗಳಲ್ಲಿ ಹಣ್ಣನ್ನು ಅಳೆದು ತಿನ್ನುವುದು ಕಷ್ಟದ ವ್ರತವೇ ಸರಿ. ಅದೃಷ್ಟಕ್ಕೆ ಅನ್ನಕ್ಕೆ ಅಡ್ಡಿಯಿಲ್ಲ. ನಮ್ಮೂರ ಮರಗೆಣಸಿನಿಂದ ಮಾಡುವ ಸಾಬಕ್ಕಿಯ ಗಂಜಿ ನನ್ನ ಹೊಟ್ಟೆಗೆ ಹಿತವಾಗಿದೆ. ಹಾಗೆಂದು ಎಲ್ಲವನ್ನೂ ಬಿಡುತ್ತ ಹೋಗಿ ದೇಹ ಸೊರಗಿಸಿಕೊಳ್ಳಬಾರದು. ಯಾವುದು ಆಗುವುದಿಲ್ಲವೆಂದು ಬರೆದಿಟ್ಟು ನೋಡಿದರೆ, ಆಗದಿರುವುದು ಎರಡೋ ಮೂರೋ ಇರುತ್ತದೆ, ಅಷ್ಟೆ.

ಒಂದು ಎಚ್ಚರಿಕೆಯ ಮಾತು. ಎಲ್ಲ ಹೊಟ್ಟೆನೋವೂ ಐ.ಬಿ.ಎಸ್. ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರುವುದುಂಟು. ನಿಜವಾದ ಕಳ್ಳ ಒಳಗೆ ಬಂದಿದ್ದರೆ ಅಲಾರಮ್ಮನ್ನು ದೂರುತ್ತ ಕೂರಬಾರದಲ್ಲ.

ಅಕ್ಕನಿಗೆ ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ನನಗೂ ಇಲ್ಲ. ವಾರಕ್ಕೆ ನಾಲ್ಕು ದಿನವಿದ್ದ ನೋವು ತಿಂಗಳಿಗೆ ನಾಲ್ಕು ದಿನವಾಗಿದೆ. ಕಳೆದ ವರ್ಷ ಅವಳು ಬಸ್ಸು ಹತ್ತಿ ಸೋದರಸೊಸೆಯ ಮದುವೆಗೆ ಬಂದು ಎಲೆಯ ಮುಂದೆ ಕುಳಿತು ಉಂಡಳು. ಮಾತ್ರೆಯಿಂದ ಎಷ್ಟು, ನಂಬಿದ್ದರಿಂದ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಅಮೆರಿಕದ ಹಾರ್ವರ್ಡಿನ ಕ್ಯಾಪ್ಚುಕ್ ಮತ್ತು ಸಂಗಡಿಗರು 2008ರಲ್ಲಿ 262 ಮಂದಿ ಐ.ಬಿ.ಎಸ್. ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಏನೂ ಚಿಕಿತ್ಸೆಯಿಲ್ಲದೆ ಕಾದವರಲ್ಲಿ ಶೇಕಡಾ 28 ಮಂದಿಗೆ ಸಮಾಧಾನವೆನಿಸಿತು. ಸೂಜಿ ಚುಚ್ಚದೆ ಚುಚ್ಚಿದಂತೆ ಮಾಡಿದ ಸೋಗಿನ ಚಿಕಿತ್ಸೆಯಿಂದ ಶೇಕಡಾ 44. ಅದೇ ಸೋಗಿನ ಚಿಕಿತ್ಸೆಯ ಜೊತೆಗೆ, ವೈದ್ಯರು ಎದುರು ಕುಳಿತು ಅಕ್ಕರೆಯಿಂದ, ಸಾವಕಾಶವಾಗಿ ಅವರ ಮಾತು ಕೇಳಿದಾಗ ಶೇಕಡಾ 62. ಕೇಳುವ ಕಿವಿಯೂ ಬಾಗಿಲು ಮುಚ್ಚಿಸುವ ಕೈಯೇ ಎಂದಾಯಿತು.

ಆದರೆ ಕಿವಿಗೆ ತಲಪುವುದು ಏನು? ಕಾಸರಗೋಡಿನ ನೀವು ಆಸ್ಪತ್ರೆಗೆಂದು ಮಂಗಳೂರಿಗೆ ಹೋಗುವವರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ನಿಮಗೆ ನೆನಪಿದೆ. ಅದು ಕಣ್ಣಿಗೆ ಕಾಣುವ ಗಡಿ. ಕಾಣದ ಗಡಿ ಇನ್ನೊಂದಿದೆ. ನಮ್ಮ ಮನೆಗಳಲ್ಲಿ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಈಗ ಮೊಮ್ಮಕ್ಕಳು. ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಓದಿದ ಮಕ್ಕಳು. ಬುದ್ಧಿವಂತರು, ಅಜ್ಜಿಯ ಮೇಲೆ ಪ್ರೀತಿಯಿರುವವರು. ಅಜ್ಜಿ ‘ನುಲೀತದೆ’ ಎಂದರೂ, ‘ಹಿಂಡ್ತದೆ’ ಎಂದರೂ, ‘ಉಬ್ಬರಿಸ್ತದೆ’ ಎಂದರೂ, ‘ತೊಳಸ್ತದೆ’ ಎಂದರೂ ಅವರು ವೈದ್ಯರಿಗೆ ಹೇಳುವುದು ‘ಸ್ಟಮಕ್ ಪೇನ್’ ಎಂಬ ಒಂದೇ ಮಾತು. ‘ಹೊರಕಡೆ’ ಎಂದರೆ ಬೀದಿ ಎಂದುಕೊಂಡವರೂ ಇದ್ದಾರೆ. ಹತ್ತು ಬಗೆಯ ನಾಣ್ಯ ಕೊಟ್ಟು ಒಂದೇ ಹರಿದ ನೋಟು ತೆಗೆದುಕೊಂಡಂತೆ.

ಕನ್ನಡ ಉಳಿಯಬೇಕೆಂದು ಸಭೆಗಳಲ್ಲಿ ಮಾತಾಡುವಾಗ ನಾವು ಪಂಪನ, ಕುಮಾರವ್ಯಾಸನ ಹೆಸರು ಹೇಳುತ್ತೇವೆ. ಹೇಳಬೇಕಾದದ್ದೇ. ಅದರ ಜೊತೆಗೆ, ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ನೋವಿಗೆ ನಮ್ಮ ಮನೆಯಲ್ಲಿರುವ ಮಾತುಗಳನ್ನೂ ಹೇಳಿಕೊಡೋಣ. ನುಲಿಯುವುದು ಯಾವುದು, ಹಿಂಡುವುದು ಯಾವುದು, ಕುಕ್ಕುವುದು ಯಾವುದು, ಸೆಳೆಯುವುದು ಯಾವುದು. ಅದಕ್ಕೆ ತಮಿಳಿನಲ್ಲಿ, ಮಲಯಾಳದಲ್ಲಿ ಏನೆನ್ನುತ್ತಾರೆ. ಯಾವ ಹೊತ್ತಿಗೆ ಬರುತ್ತದೆ, ಯಾವುದರಿಂದ ಹೋಗುತ್ತದೆ ಎಂದು ಕೇಳುವುದು ಹೇಗೆ. ಅದಕ್ಕೆ ಪುಸ್ತಕ ಬೇಡ, ಬರೀ ಅಜ್ಜಿ ಸಾಕು. ಅಜ್ಜಿ ಇರುವಾಗಲೇ ಕಲಿತುಕೊಳ್ಳಬೇಕು, ಅಷ್ಟೆ.